ನಾಲ್ಕನೆಯ ಖಾನಾವಳಿ

ನನ್ನ ತಂಗಿ ಗಂಗಮ್ಮ ಒಮ್ಮೆ ನನ್ನನ್ನು ಒಂದು ಪ್ರಶ್ನೆ ಕೇಳಿದಳು. ಅದರ ಉತ್ತರ ನನಗೆ ಚೆನ್ನಾಗಿ ಗೊತ್ತಿತ್ತು. ನಾನು ಹೇಳಲಿಲ್ಲ. ಗೊತ್ತಿದ್ದನ್ನು ಒಳಗಿಟ್ಟುಕೊಂಡು, ಬುದ್ಧಿಮಾತಿನಂತೆ ಕೇಳಿಸುವ ಬೇರೊಂದು ಮಾತನ್ನು ಅವಳ ಕೈಗೆ ಕೊಟ್ಟೆ. ಅವಳು ಅದನ್ನು ನಂಬಿ ಏಳು ತಿಂಗಳು ಕಳೆದುಕೊಂಡಳು, ಜೊತೆಗೆ ಮತ್ತೆ ಸಿಗದ ಒಂದು ಮನೆಯನ್ನೂ.

ಅದು 1936ನೆಯ ಇಸವಿ. ನಾನು ಹೊಸಪೇಟೆ ರೈಲು ನಿಲ್ದಾಣದ ಮುಂದೆ ಜಟಕಾ ಹೊಡೆಯುತ್ತಿದ್ದೆ. ನಮ್ಮ ಊರು ಆಗ ಮದ್ರಾಸ್ ಸರ್ಕಾರದ ಬಳ್ಳಾರಿ ಜಿಲ್ಲೆಯಲ್ಲಿತ್ತು. ನನ್ನ ಓದು ಮೂರನೆಯ ಕ್ಲಾಸಿಗೆ ನಿಂತಿತ್ತು. ಅಪ್ಪ ಕೊಟ್ರಪ್ಪ ಬೆಲ್ಲದ ವ್ಯಾಪಾರಿ. ವ್ಯಾಪಾರ ದೊಡ್ಡದಲ್ಲದಿದ್ದರೂ ಪ್ರತಿ ಸೋಮವಾರ ನಮ್ಮ ಜಗುಲಿಯ ಮೇಲೆ ದಾಸೋಹ ನಡೆಯುತ್ತಿತ್ತು. ಯಾರು ಬಂದರೂ ಉಂಡು ಹೋಗಬಹುದು, ಕೊಡುವುದೇನೂ ಇಲ್ಲ. ಅಪ್ಪ ಸತ್ತ ಮೇಲೆ ವ್ಯಾಪಾರ ನಿಂತಿತು, ದಾಸೋಹವೂ ನಿಂತಿತು. ಉಳಿದದ್ದು ಒಂದು ತಾಮ್ರದ ಹಂಡೆ ಮತ್ತು ಅರವತ್ತು ಹಿತ್ತಾಳೆ ತಾಟು. ಪ್ರತಿ ತಾಟಿನ ನಡುವೆ ‘ಕೊಟ್ರಪ್ಪ, ಹೊಸಪೇಟೆ’ ಎಂದು ಕೊರೆಸಿತ್ತು. ಉಂಡು ಮುಗಿಸಿದವನಿಗೆ ಮಾತ್ರ ಆ ಹೆಸರು ಕಾಣುತ್ತಿತ್ತು. ಈ ತಾಟುಗಳ ವಿಷಯ ಮುಂದೆ ಬರುತ್ತದೆ.

ಮೊದಲು ನನ್ನ ವೃತ್ತಿಯ ಮಾತು. ನಿಲ್ದಾಣದ ಎದುರು ಬೇವಿನ ಮರದ ಕೆಳಗೆ ನಾವು ಒಂಬತ್ತು ಜಟಕಾದವರು ಸಾಲಾಗಿ ನಿಲ್ಲುತ್ತಿದ್ದೆವು. ಅದಕ್ಕೆ ಪಾಳಿ ಎನ್ನುತ್ತಿದ್ದರು. ಮುಂದಿನ ಜಟಕಾ ತುಂಬಿ ಹೊರಟರೆ ಹಿಂದಿನದು ಒಂದು ಹೆಜ್ಜೆ ಮುಂದಕ್ಕೆ. ಗುಂತಕಲ್ಲಿನ ಗಾಡಿ, ಹುಬ್ಬಳ್ಳಿಯ ಗಾಡಿ ಬಂದಾಗ ಮಾತ್ರ ಕೆಲಸ. ಉಳಿದ ಹೊತ್ತು ಕುದುರೆಗೆ ಹುಲ್ಲು, ನಮಗೆ ಹರಟೆ. ನಮ್ಮಲ್ಲಿ ಹಿರಿಯನೆಂದರೆ ಖಾದರ್‌ಸಾಬ್. ನಾನು ಅವನನ್ನು ಮಾಮಾ ಎನ್ನುತ್ತಿದ್ದೆ.

ಒಂಬತ್ತು ಜನರ ನಡುವೆ ಪಾಳಿ ಕಾಯುವುದು ಬೇಸರವಾಗಿ ನಾನೊಮ್ಮೆ ಜಾಣತನ ಮಾಡಿದೆ. ಗೂಡ್ಸ್ ಶೆಡ್ಡಿನ ಕಡೆ ನಿಲ್ದಾಣಕ್ಕೆ ಇನ್ನೊಂದು ಗೇಟಿತ್ತು. ಅಲ್ಲಿ ಒಂದೂ ಜಟಕಾ ಇರಲಿಲ್ಲ. ಅಲ್ಲಿ ನಿಂತರೆ ಬರುವ ಸವಾರಿಯೆಲ್ಲ ನನ್ನದೇ ಎಂದುಕೊಂಡೆ. ಹನ್ನೆರಡು ದಿನ ನಿಂತೆ. ನನ್ನ ಹತ್ತಿರ ಬಂದವರು ಇಬ್ಬರು. ಒಬ್ಬ ದಾರಿ ಕೇಳಿದ, ಇನ್ನೊಬ್ಬ ಬೀಡಿಗೆ ಬೆಂಕಿ ಕೇಳಿದ. ಹದಿಮೂರನೆಯ ದಿನ ಬೇವಿನ ಮರದ ಕೆಳಗೆ ಮರಳಿದಾಗ ಖಾದರ್‌ಸಾಬ್ ಬಿಡಲಿಲ್ಲ.

“ಏನ್ಲೇ ಈರಣ್ಣ, ಆ ಕಡಿ ಸವಾರಿ ಭಾಳ ಅಂತಲ್ಲ? ನಿಂತು ನಿಂತು ನಿನ್ನ ಕುದ್ರಿಗೆ ಕಾಲು ಬಾತಾವ.”

“ಸಾಕು ಬಿಡು ಮಾಮಾ, ಪಾಳಿಗೆ ಬಂದೀನಿ.”

“ಬಾ ಬಾ. ಮಂದಿ ಸಂತಿ ಇದ್ದ ಕಡಿ ಬರ್ತಾರ. ಒಂಟಿ ಅಂಗಡಿ ಕಂಡ್ರ, ಯಾಕ ಒಂಟಿ ಐತಿ ಇದು ಅಂತ ಅನುಮಾನ ಪಡ್ತಾರ.”

ಈ ಮಾತನ್ನು ನಾನು ಹನ್ನೆರಡು ದಿನ ಅನುಭವಿಸಿ ಕಲಿತಿದ್ದೆ. ಕಲಿತಿರಲಿಲ್ಲ ಎಂದು ಹೇಳುವ ದಾರಿ ನನಗಿಲ್ಲ.

ಗಂಗಮ್ಮ ನನಗಿಂತ ಆರು ವರ್ಷ ಚಿಕ್ಕವಳು. ಕಂಪ್ಲಿಯ ಹತ್ತಿರದ ಮೆಟ್ರಿಗೆ ಕೊಟ್ಟಿದ್ದೆವು. ಕಾಲುವೆ ನೀರಿನ ಭತ್ತದ ಗದ್ದೆಯಿದ್ದ ಮನೆ. ಗಂಡ ಜ್ವರದಲ್ಲಿ ತೀರಿಹೋದ, ಮಕ್ಕಳಿರಲಿಲ್ಲ. ಆಮೇಲೆ ಮೂರು ವರ್ಷ ಮೈದುನನ ಮನೆಯಲ್ಲಿ ಅಡುಗೆ ಮಾಡಿಕೊಂಡಿದ್ದಳು. ಅವರೇನೂ ಹೊಡೆದವರಲ್ಲ, ಬೈದವರಲ್ಲ. ಒಂದು ದಿನ ಗಂಟು ಕಟ್ಟಿಕೊಂಡು ನಮ್ಮ ಮನೆಗೆ ಬಂದುಬಿಟ್ಟಳು. ನಮ್ಮ ಮನೆಯಲ್ಲೂ ಅಡುಗೆಗೆ ನಿಂತಳು. ನನ್ನ ಹೆಂಡತಿಗೂ ಅವಳಿಗೂ ಒಂದು ದಿನವೂ ಜಗಳವಾಗಲಿಲ್ಲ. ಆದರೆ ನಾಲ್ಕು ತಿಂಗಳಾದ ಮೇಲೆ, ನಾನು ಉಣ್ಣುತ್ತಿದ್ದಾಗ, ಅವಳು ರೊಟ್ಟಿ ಹಾಕುತ್ತಲೇ ಹೇಳಿದಳು:

“ಅಣ್ಣಾ, ಮಂದಿ ಒಲಿ ಮುಂದ ಕುಂತು ಸಾಕಾಗೈತಿ. ನಂದೇ ಒಂದು ಒಲಿ ಬೇಕು.”

“ಇದು ಮಂದಿ ಒಲಿ ಏನ?”

“ಅತ್ತಿಗೆ ಒಲಿ. ಆಕಿ ಒಳ್ಳೆಯಾಕಿ, ಅದಕ್ಕ ಕುಂದ್ರಿಸ್ಯಾಳ.”

ಅವಳ ಯೋಚನೆ ಇಷ್ಟು: ಸ್ಟೇಷನ್ ರಸ್ತೆಯಲ್ಲಿ ಖಾನಾವಳಿ ಹಾಕುವುದು. ಖಾನಾವಳಿ ಎಂದರೆ ಮನೆಯಂಥ ಊಟದ ಮನೆ, ನೆಲದ ಮೇಲೆ ಮಣೆ, ಬಿಸಿ ಜೋಳದ ರೊಟ್ಟಿ, ಎರಡು ಪಲ್ಯ, ಸಾರು, ಅನ್ನ. ಆ ರಸ್ತೆಯಲ್ಲಿ ಆಗಲೇ ಮೂರು ಖಾನಾವಳಿ ಇದ್ದವು. ಮೂರನೆಯದರ ಪಕ್ಕದ ಮನೆ ಖಾಲಿಯಾಗಿತ್ತು. ಎರಡು ಅಂಕಣ, ಹಿತ್ತಲಲ್ಲಿ ಸಿಹಿನೀರಿನ ಬಾವಿ. ಮನೆಯ ಯಜಮಾನ ಹದಿನೈದು ದಿನ ಬೇರೆ ಯಾರಿಗೂ ಕೊಡುವುದಿಲ್ಲ ಎಂದು ಅವಳಿಗೆ ಮಾತು ಕೊಟ್ಟಿದ್ದ. ಅವಳು ನನ್ನಿಂದ ಕೇಳಿದ್ದು ಅಪ್ಪನ ಹಂಡೆ ಮತ್ತು ಆ ಅರವತ್ತು ತಾಟು. ಅದರ ಜೊತೆ ಒಂದು ಪ್ರಶ್ನೆ.

“ಆಗಲೇ ಮೂರು ಅದಾವ. ನಾಕನೇದು ನಡೀತೈತೇನಣ್ಣಾ? ದಿನಾ ಟೇಸನ್ ಮುಂದ ಇರಾವ ನೀನು. ನಿನಗ ಗೊತ್ತಿರ್ತೈತಿ.”

ನನಗೆ ಗೊತ್ತಿತ್ತು. ಗಾಡಿ ಇಳಿದು ನನ್ನ ಜಟಕಾ ಹತ್ತುವವರಲ್ಲಿ ಅರ್ಧ ಜನ ಮೊದಲು ಕೇಳುತ್ತಿದ್ದುದೇ ಊಟ ಎಲ್ಲಿ ಸಿಗುತ್ತದೆ ಎಂದು. ಸಂಡೂರು ಗುಡ್ಡದ ಮ್ಯಾಂಗನೀಸ್ ಅದಿರನ್ನು ವ್ಯಾಗನ್ನಿಗೆ ತುಂಬಿಸುವ ಮೇಸ್ತ್ರಿಗಳು, ತಾಲ್ಲೂಕು ಕಚೇರಿಗೆ ಕಾಗದ ಹಿಡಿದುಕೊಂಡು ಬಂದವರು, ಕಂಪ್ಲಿಯ ಬೆಲ್ಲ, ಬಾಳೆಕಾಯಿ ವ್ಯಾಪಾರಿಗಳು. ಮಧ್ಯಾಹ್ನ ಮೂರೂ ಖಾನಾವಳಿಗಳ ಬಾಗಿಲಲ್ಲಿ ಚಪ್ಪಲಿ ಬಿಡಲು ಜಾಗವಿರುತ್ತಿರಲಿಲ್ಲ. ಒಳಗಿನವರು ಕೈ ತೊಳೆಯುವ ತನಕ ಹೊರಗಿನವರು ಗೋಡೆಗೆ ಒರಗಿ ಕಾಯುತ್ತಿದ್ದರು. ಕಾಯಲಾರದವರು ಬೈದುಕೊಂಡು, ಕಡಲೆಪುರಿ ತಿಂದು ಗಾಡಿ ಹತ್ತುತ್ತಿದ್ದರು. ಅಂಥವರನ್ನು ನಾನೇ ಎಷ್ಟೋ ಸಲ ನಿಲ್ದಾಣಕ್ಕೆ ಹಸಿದ ಹೊಟ್ಟೆಯಲ್ಲಿ ಮರಳಿ ಬಿಟ್ಟಿದ್ದೇನೆ.

ಆದರೆ ಅವಳು ಕೇಳಿದ ಹೊತ್ತಿನಲ್ಲಿ ನನ್ನ ಕಣ್ಣ ಮುಂದೆ ಬಂದದ್ದು ಆ ಜನವಲ್ಲ, ತಾಟು. ಕಚೇರಿ ಕೆಲಸಕ್ಕೆ ಬರುವ ನಮ್ಮ ಬಳಗದವರು ಅಲ್ಲಿ ಉಣ್ಣುತ್ತಾರೆ. ಉಂಡು ಮುಗಿದ ಮೇಲೆ ತಾಟಿನ ನಡುವೆ ಅಪ್ಪನ ಹೆಸರು ಓದುತ್ತಾರೆ. ನಮ್ಮಲ್ಲಿ ಒಂದು ಮಾತಿದೆ: ಇಕ್ಕುವ ಕೈ ಮಾರಬಾರದು. ಅನ್ನ ಇಕ್ಕಿದ ಕೊಟ್ರಪ್ಪನ ಮನೆ ಅನ್ನ ಮಾರುವ ಮನೆಯಾಯಿತು, ಅದೂ ಅದೇ ತಾಟಿನಲ್ಲಿ ಎಂದು ಆಡಿಕೊಳ್ಳುತ್ತಾರೆ. ನಾನು ಕಚೇರಿಯ ಗುಮಾಸ್ತರನ್ನೂ ಸಂತೆಗೆ ಹೋಗುವವರನ್ನೂ ಕೂರಿಸಿಕೊಂಡು ಜಟಕಾ ಹೊಡೆಯುವವನು. ಅದರಲ್ಲಿ ನನಗೆ ನಾಚಿಕೆ ಅನಿಸಿರಲಿಲ್ಲ. ತಂಗಿ ಊಟ ಮಾರುವುದರಲ್ಲಿ ಅನಿಸಿತು. ಅದನ್ನು ಬಾಯಿಬಿಟ್ಟು ಹೇಳಿದ್ದರೆ ಅವಳು ನನ್ನ ಜೊತೆ ಜಗಳವಾಡುತ್ತಿದ್ದಳು, ಬಹುಶಃ ಗೆಲ್ಲುತ್ತಿದ್ದಳು. ನಾನು ಹೇಳಿದ್ದೇ ಬೇರೆ:

“ಮೂರು ಇದ್ದಲ್ಲಿ ನಾಕನೇದು ಯಾಕವ್ವ? ಇದ್ದ ಮಂದೀನ ಹರಿದು ಹಂಚಿಕೊಂಡಂಗ ಆಗ್ತೈತಿ. ಹಂಪಿಗೆ ಹೋಗು. ಅಲ್ಲಿ ಒಂದೂ ಇಲ್ಲ. ಬರಾ ಮಂದಿ ಎಲ್ಲಾ ನಿನಗಽ.”

ಗೂಡ್ಸ್ ಶೆಡ್ಡಿನ ಗೇಟಿನಲ್ಲಿ ನಾನು ನನಗೇ ಹೇಳಿಕೊಂಡಿದ್ದ ಮಾತು ಅದು. ನನ್ನದು ಎಂಬಲ್ಲಿ ನಿನ್ನದು ಎಂದಾಗಿತ್ತು, ಅಷ್ಟೆ.

ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಯೋಚಿಸಿದಳು. “ಅಲ್ಲಿ ಯಾಕ ಯಾರೂ ಹಾಕಿಲ್ಲ?” ಎಂದಳು.

ಸರಿಯಾದ ಪ್ರಶ್ನೆ. ಅದಕ್ಕೂ ಉತ್ತರ ನನಗೆ ಗೊತ್ತಿತ್ತು. ಹಂಪಿಗೆ ಎಂಟು ಮೈಲಿ ದಾರಿ, ಅನಂತಶಯನಗುಡಿ, ಕಡ್ಡಿರಾಂಪುರ ದಾಟಿ ಹೋಗಬೇಕು. ಆ ದಾರಿಯಲ್ಲಿ ನಾನು ಕರೆದೊಯ್ದ ಭಕ್ತರಲ್ಲಿ ಬುತ್ತಿಯ ಗಂಟು ಇಲ್ಲದವರನ್ನು ನೋಡಿದ್ದೇ ಇಲ್ಲ. ಒಣಗಿಸಿದ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರನ್ನ. ನನ್ನ ಜಟಕಾದ ಹಾಸು ಹುಲ್ಲಿಗೇ ಚಟ್ನಿಪುಡಿಯ ವಾಸನೆ ಹತ್ತಿತ್ತು. ಬುತ್ತಿ ಮರೆತವನಿಗೆ ಅಲ್ಲಿಯ ಮಠದಲ್ಲಿ ಮಧ್ಯಾಹ್ನ ದಾಸೋಹವಿತ್ತು. ಹಾಳು ಗುಡಿಗಳನ್ನು ನೋಡಲು ಬರುವ ಬಿಳಿಯರು ಕಮಲಾಪುರದ ಬಂಗಲೆಯಲ್ಲಿ ಇಳಿಯುತ್ತಿದ್ದರು, ಅವರ ಅಡುಗೆಯವನು ಅವರ ಹಿಂದೆಯೇ ಬರುತ್ತಿದ್ದ.

“ಯಾರಿಗೂ ಹೊಳೆದಿಲ್ಲ, ಅಷ್ಟಽ,” ಎಂದೆ. “ಹಂಪಿಗಾದ್ರ ಹಂಡೆ, ತಾಟು ತಗೊಂಡು ಹೋಗು. ನಾನಽ ಹೇರಿಕೊಂಡು ಹೋಗಿ ಇಳಿಸ್ತೀನಿ.”

ಉಣ್ಣಲು ಯಾರೂ ಬರದಿದ್ದರೆ ಹೆಸರು ಯಾರಿಗೂ ಕಾಣುವುದಿಲ್ಲ ಎಂಬ ಎಣಿಕೆ ಆಗ ನನ್ನ ತಲೆಯಲ್ಲಿತ್ತೇ, ಅಥವಾ ಆಮೇಲೆ ನಾನೇ ನನ್ನ ಮೇಲೆ ಹೊರಿಸಿಕೊಂಡೆನೇ ಎಂಬುದನ್ನು ಈಗ ಖಚಿತವಾಗಿ ಹೇಳಲಾರೆ.

ಹಂಪಿಯ ಬಜಾರಿನ ಕಲ್ಲುಕಂಬದ ಸಾಲಿನಲ್ಲಿ ಒಂದು ಅಂಕಣ ಸಿಕ್ಕಿತು. ಮಣ್ಣಿನ ಗೋಡೆ ಎತ್ತಿ, ಒಲೆ ಹೂಡಿ, ಗಂಗಮ್ಮ ಶ್ರಾವಣದಲ್ಲಿ ಖಾನಾವಳಿ ತೆರೆದಳು. ಮೊದಲ ದಿನ ನಲವತ್ತು ರೊಟ್ಟಿ ಬಡಿದಳು. ನಾನು ಸವಾರಿ ಇಳಿಸಿ ಹೋಗಿ ನೋಡಿದಾಗ ಜಗುಲಿಯ ತುಂಬ ಜನ ಕುಳಿತಿದ್ದರು. ಎಲ್ಲರ ಮುಂದೆಯೂ ಅವರವರ ಬುತ್ತಿ ಬಿಚ್ಚಿತ್ತು. ಗಂಗಮ್ಮ ತಂಬಿಗೆ ಹಿಡಿದು ನೀರು ಕೊಡುತ್ತಿದ್ದಳು. ಚೋರನೂರಿನಿಂದ ಬಂದಿದ್ದ ಒಬ್ಬ ಮುದುಕಿ ಅವಳನ್ನು ವಿಚಾರಿಸುತ್ತಿದ್ದಳು.

“ಖಾನಾವಳಿ ಅಂದ್ರ ಏನಬೇ?”

“ಊಟ ಸಿಗ್ತೈತ್ರಿ ಅಮ್ಮಾ, ಬಿಸಿ ರೊಟ್ಟಿ.”

“ರೊಕ್ಕ ಕೊಟ್ಟು ಉಣ್ಣಾದಾ? ದೇವ್ರ ಊರಾಗ? ಎಪ್ಪಾ! ಒಂದಿಟು ಉಳ್ಳಾಗಡ್ಡಿ ಇದ್ರ ಕೊಡು, ಪುಣ್ಯ ಬರ್ತೈತಿ.”

ಗಂಗಮ್ಮ ನಕ್ಕು ಒಂದು ಈರುಳ್ಳಿ ಕೊಟ್ಟಳು.

ಎರಡನೆಯ ತಿಂಗಳಿಗೆ ನಲವತ್ತು ರೊಟ್ಟಿ ಹದಿನೈದಾಯಿತು. ಕಾರ್ತಿಕದಲ್ಲಿ ಜನ ಹೆಚ್ಚು ಬಂದರು, ಬುತ್ತಿಗಳೂ ಹೆಚ್ಚು ಬಂದವು. ಉಳಿದ ರೊಟ್ಟಿ ಒಣಗಿಸಿದರೆ ಮಂಗಗಳು ಹೊತ್ತೊಯ್ಯುತ್ತಿದ್ದವು. “ನನಗ ಖಾಯಂ ಗಿರಾಕಿ ಅದಾವಣ್ಣಾ, ಬಾಲ ಇದ್ದವು,” ಎನ್ನುತ್ತಿದ್ದಳು. ನನ್ನ ಮೇಲೆ ಒಂದು ದಿನವೂ ತಪ್ಪು ಹೊರಿಸಲಿಲ್ಲ. ತನ್ನ ಸಾರಿನಲ್ಲಿ ಹುಳಿ ಹೆಚ್ಚಾಯಿತೇ, ಜಗುಲಿ ಎತ್ತರವಾಯಿತೇ, ಬಾಗಿಲು ಬಿಸಿಲಿಗಿದೆಯೇ ಎಂದು ತನ್ನಲ್ಲೇ ಹುಡುಕುತ್ತಿದ್ದಳು. ಜಗುಲಿಯನ್ನು ಕೆಡವಿಸಿ ಒಂದು ಗೇಣು ತಗ್ಗಿಸಿದಳು ಕೂಡ. ಅದನ್ನು ನೋಡಿದ ಮೇಲೆ ನಾನು ಸವಾರಿಯನ್ನು ಬಜಾರಿನ ಈ ತುದಿಯಲ್ಲೇ ಇಳಿಸಿ ಕುದುರೆ ತಿರುಗಿಸತೊಡಗಿದೆ.

ಇತ್ತ ಸ್ಟೇಷನ್ ರಸ್ತೆಯ ಬಾವಿಯ ಮನೆಯನ್ನು ಕಂಪ್ಲಿಯಿಂದ ಬಂದ ಒಬ್ಬ ಹೆಂಗಸು ಹಿಡಿದಿದ್ದಳು. ನಾಲ್ಕನೆಯ ಖಾನಾವಳಿ ಅವಳದಾಯಿತು. ಒಂದು ತಿಂಗಳೊಳಗೆ ಅದರ ಬಾಗಿಲಲ್ಲೂ ಚಪ್ಪಲಿಗೆ ಜಾಗವಿಲ್ಲದಂತಾಯಿತು. ಮೊದಲ ಮೂರರಲ್ಲಿ ಒಂದೂ ಮುಚ್ಚಲಿಲ್ಲ. ಅಲ್ಲಿ ನಾಲ್ಕು ಇವೆ, ಒಂದರಲ್ಲಿ ಇಲ್ಲದಿದ್ದರೆ ಇನ್ನೊಂದರಲ್ಲಿ ಸಿಗುತ್ತದೆ ಎಂಬ ಧೈರ್ಯಕ್ಕೆ ಜನ ಊರೊಳಗಿನಿಂದಲೂ ಬರತೊಡಗಿದರು. ಈ ಸುದ್ದಿಯನ್ನು ನಾನು ಹಂಪಿಗೆ ಒಯ್ಯಲಿಲ್ಲ.

ಪುಷ್ಯ ಮಾಸದ ಒಂದು ಬೆಳಿಗ್ಗೆ ಗಂಗಮ್ಮ ಜೋಳ ಕೊಳ್ಳಲು ಹೊಸಪೇಟೆಗೆ ಹೊರಟಳು. ನನ್ನ ಜಟಕಾದಲ್ಲೇ ಹಿಂದೆ ಕುಳಿತಿದ್ದಳು. ನನ್ನ ಪಕ್ಕ ಧಾರವಾಡದ ಕಡೆಯ ಒಬ್ಬ ಬಟ್ಟೆ ವ್ಯಾಪಾರಿ. ಅನಂತಶಯನಗುಡಿ ದಾಟಿದ ಮೇಲೆ ಅವನು ಕೇಳಿದ: “ಟೇಸನ್ ಹತ್ರ ಊಟಕ್ಕ ಚಲೋ ಎಲ್ಲೈತ್ರಿ?”

ದಿನಕ್ಕೆ ಹತ್ತು ಸಲ ಹೇಳಿ ರೂಢಿಯಾದ ಬಾಯಿ. ಕುದುರೆಯ ಕಿವಿಯನ್ನೇ ನೋಡುತ್ತ ಹೇಳಿಬಿಟ್ಟೆ: “ಮೊದಲ ಮೂರೂ ತುಂಬಿರ್ತಾವ್ರಿ. ನಾಕನೇದಕ್ಕ ಹೋಗ್ರಿ, ಬಾವಿ ಮನಿ. ಅಲ್ಲೂ ಒಂದೀಟು ಕಾಯಬೇಕಾಗ್ತೈತಿ, ಜಲ್ದಿ ಹೋದ್ರ ಚಲೋ.”

ಹಿಂದಿನಿಂದ ಗಂಗಮ್ಮನ ದನಿ ಬಂತು, ಜೋರಾಗಿರಲಿಲ್ಲ.

“ಅಣ್ಣಾ, ಇದನ್ನ ದಿನಾ ಕೇಳ್ತಾರೇನು?”

“ಹೂಂ.”

“ನಾ ನಿನ್ನ ಕೇಳಿದಾಗೂ ಕೇಳ್ತಿದ್ರೇನು?”

ನಾನು ಬಾಯಲ್ಲಿ ಲೊಚಗುಟ್ಟಿ ಕುದುರೆಯನ್ನು ಓಡಿಸಿದೆ. ನಿಲ್ದಾಣದ ಮುಂದೆ ಅವಳು ಇಳಿದು, ಜೋಳದ ಅಂಗಡಿಗೆ ಹೋಗದೆ, ನೇರ ಸ್ಟೇಷನ್ ರಸ್ತೆಗೆ ನಡೆದಳು. ಮಧ್ಯಾಹ್ನದ ತನಕ ಆ ನಾಲ್ಕು ಬಾಗಿಲುಗಳ ಎದುರಿನ ಕಟ್ಟೆಯ ಮೇಲೆ ಕುಳಿತು ನೋಡಿದಳು ಎಂದು ಖಾದರ್‌ಸಾಬ್ ಹೇಳಿದ. “ನಿನ್ನ ತಂಗಿ ಮಂದಿ ಚಪ್ಪಲಿ ಎಣಸಾಕ ಹತ್ಯಾಳಲೇ. ಏನ್ ಮಾಡೀಯೋ ಆಕಿಗೆ?”

ಮಾಘ ಮಾಸದಲ್ಲಿ ಅವಳು ಹಂಪಿಯ ಒಲೆ ಕಿತ್ತಳು. ಹಂಡೆ, ತಾಟುಗಳನ್ನು ಹೇರಲು ನನ್ನನ್ನು ಕರೆಯಲಿಲ್ಲ, ಖಾದರ್‌ಸಾಬನನ್ನು ಕರೆದಳು. ಸ್ಟೇಷನ್ ರಸ್ತೆಯಲ್ಲಿ ಖಾಲಿ ಮನೆ ಉಳಿದಿರಲಿಲ್ಲ. ಗೂಡ್ಸ್ ಶೆಡ್ಡಿನ ಹಿಂದೆ, ರಸ್ತೆ ಮುಗಿಯುವಲ್ಲಿ, ತಗಡಿನ ಒಂದು ಮನೆ ಸಿಕ್ಕಿತು. ಅದಕ್ಕೆ ಬಾವಿ ಇರಲಿಲ್ಲ. ಎರಡು ಫರ್ಲಾಂಗಿನಿಂದ ಕೊಡದಲ್ಲಿ ನೀರು ಹೊರಬೇಕು. ಅಲ್ಲಿ ಐದನೆಯ ಖಾನಾವಳಿ ತೆರೆದಳು. ಅದು ನಡೆಯಿತು. ನಾಲ್ಕರಲ್ಲಿ ಜಾಗ ಸಿಗದವರು ಮೊದಲು ಬಂದರು, ಆಮೇಲೆ ಅದಿರಿನ ಮೇಸ್ತ್ರಿಗಳು ಅವಳ ಪುಂಡಿಪಲ್ಯಕ್ಕೇ ಬರತೊಡಗಿದರು. ಆದರೆ ಎಂಟು ವರ್ಷ ಅವಳು ಬಲ ಹೆಗಲ ಮೇಲೆ ನೀರು ಹೊತ್ತಳು. ಬಾವಿಯ ಮನೆ ಸಿಕ್ಕಿದ್ದರೆ ಹೊರಬೇಕಾಗಿರಲಿಲ್ಲ.

ಜಟಕಾ ಕಟ್ಟಿದ ಇಪ್ಪತ್ತು ವರ್ಷದಲ್ಲಿ ನಾನು ಕಲಿತದ್ದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಒಂದು ಕಸುಬಿಗೆ ಆಗಲೇ ನಾಲ್ಕು ಜನ ಇದ್ದಾರೆಂದರೆ ಹೆದರಿ ಓಡಬೇಕಾಗಿಲ್ಲ. ಅಲ್ಲಿ ಹಸಿವು ಇದೆ ಎಂದು ಅವರು ಆಗಲೇ ನೋಡಿಟ್ಟಿದ್ದಾರೆ. ಯಾರೂ ಇಲ್ಲದ ಜಾಗ ಎಂದರೆ, ಯಾಕೆ ಇಲ್ಲ ಎಂದು ಮೊದಲು ಕೇಳಬೇಕು. ಹಂಪಿಯಲ್ಲಿ ಗಂಗಮ್ಮನಿಗೆ ಎದುರಾಳಿ ಇರಲಿಲ್ಲವೆಂದು ನಾನು ಹೇಳಿದ್ದೇ ಸುಳ್ಳು. ಬಂದವರ ಒಬ್ಬೊಬ್ಬರ ಹೆಗಲ ಮೇಲೂ ಅವಳ ಎದುರಾಳಿ ಬುತ್ತಿಯ ಗಂಟಾಗಿ ನೇತಾಡುತ್ತಿತ್ತು. ಹಾಗೆಂದು ಎದುರಾಳಿ ಇದ್ದರೆ ಸಾಕು ಎಂದೂ ಅಲ್ಲ. ನಮ್ಮ ಸಾಲಿನ ಹಿಂದೆ ಬಾಡಿಗೆ ಸೈಕಲ್ಲಿನ ಮೂರು ಅಂಗಡಿ ಇದ್ದವು. ನಾಲ್ಕನೆಯವನು ಬಂದ, ಆರು ತಿಂಗಳಲ್ಲಿ ಮುಚ್ಚಿದ. ಆ ಮೂರರ ಮುಂದೆಯೂ ಸೈಕಲ್ಲುಗಳು ದಿನವಿಡೀ ನಿಂತೇ ಇರುತ್ತಿದ್ದುದನ್ನು ಅವನು ನೋಡಿರಲಿಲ್ಲ. ಅಂಗಡಿ ಎಷ್ಟಿವೆ ಎಂದು ಎಣಿಸುವುದಕ್ಕಿಂತ ಬಾಗಿಲ ಹೊರಗೆ ಎಷ್ಟು ಜನ ಕಾಯುತ್ತಿದ್ದಾರೆ ಎಂದು ಎಣಿಸಬೇಕು. ಗಂಗಮ್ಮ ಕಟ್ಟೆಯ ಮೇಲೆ ಕುಳಿತು ಎಣಿಸಿದ್ದು ಅದನ್ನೇ. ನಾನು ಮೊದಲೇ ಎಣಿಸಿದ್ದೆ.

ಎಂಟು ವರ್ಷ ನಾನು ಅವಳ ಬಾಗಿಲಿಗೆ ಸವಾರಿ ತಂದು ಬಿಡುತ್ತಿದ್ದೆ, ಒಳಗೆ ಕಾಲಿಡಲಿಲ್ಲ. ಹಬ್ಬಕ್ಕೆ ಅವಳು ನಮ್ಮ ಮನೆಗೆ ಬರುತ್ತಿದ್ದಳು, ಅತ್ತಿಗೆಯ ಜೊತೆ ಮಾತಾಡಿ ಹೋಗುತ್ತಿದ್ದಳು. ಹಂಪಿಯ ವಿಷಯವನ್ನು ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

1945ರಲ್ಲಿ ನನ್ನ ಕುದುರೆಗೆ ವಯಸ್ಸಾಯಿತು. ಇನ್ನೊಂದನ್ನು ಕಟ್ಟುವ ಶಕ್ತಿ ನನಗಿರಲಿಲ್ಲ. ಕೊನೆಯ ದಿನದ ಕೊನೆಯ ಸವಾರಿ ಸಂಡೂರಿನ ಒಬ್ಬ ಮುದಿ ಮೇಸ್ತ್ರಿ. ಗಂಗಮ್ಮನ ಬಾಗಿಲಲ್ಲಿ ಇಳಿದು, “ಇವತ್ತ ಜಟಕಾ ಬಿಡ್ತೀಯಂತ. ಬಾರಪ್ಪಾ, ನೀನೂ ಉಣ್ಣು,” ಎಂದು ನನ್ನ ಕೈ ಹಿಡಿದ. ಬಿಡಿಸಿಕೊಳ್ಳುವುದು ಹೇಗೆಂದು ತಿಳಿಯದೆ ಒಳಗೆ ಹೋದೆ.

ಹದಿನೈದು ಜನರ ಸಾಲಿನಲ್ಲಿ ಒಂದು ಮಣೆ ಖಾಲಿಯಿತ್ತು. ಗಂಗಮ್ಮ ನನ್ನನ್ನು ನೋಡಿದಳು. ಬೇರೆಯವರಿಗೆ ಹೇಳುವಂತೆಯೇ “ಕುಂದ್ರಿ” ಎಂದು ತಾಟು ಇಟ್ಟಳು. ಎರಡು ರೊಟ್ಟಿ, ಪುಂಡಿಪಲ್ಯ, ಸಾರು. ಬಡಿಸಲು ಬಗ್ಗಿದಾಗ ಅವಳ ಬಲ ಹೆಗಲು ಎಡಕ್ಕಿಂತ ತಗ್ಗಿದ್ದು ಕಂಡಿತು. ಉಂಡು ಮುಗಿಸುತ್ತಿದ್ದಂತೆ ಪಕ್ಕದಲ್ಲಿ ಕುಳಿತ ಹೊಸಬನೊಬ್ಬ ತನ್ನ ತಾಟನ್ನು ಓರೆ ಮಾಡಿ ಓದಿದ.

“ಈ ಕೊಟ್ರಪ್ಪ ಯಾರ್ರೀ ಅಮ್ಮಾ?”

“ನಮ್ಮಪ್ಪರೀ. ಅವರು ಪುಕ್ಕಟ ಇಕ್ಕತಿದ್ರು. ನಾ ಅಷ್ಟು ದೊಡ್ಡಾಕಿ ಅಲ್ಲ. ನಿಮಗ ಇನ್ನೊಂದು ರೊಟ್ಟಿ?”

ಸಾಲಿನಲ್ಲಿ ನಗು ಎದ್ದಿತು. ಯಾರೂ ಆಡಿಕೊಳ್ಳಲಿಲ್ಲ. ಎಂಟು ವರ್ಷದಿಂದ ಯಾರೂ ಆಡಿಕೊಂಡಿರಲಿಲ್ಲ. ನನ್ನ ತಾಟಿನಲ್ಲೂ ಅಪ್ಪನ ಹೆಸರು ಕಾಣುತ್ತಿತ್ತು. ತಿಕ್ಕಿ ತಿಕ್ಕಿ ಅಕ್ಷರ ಸವೆದಿದ್ದವು. ಗಂಗಮ್ಮ ನನ್ನ ಮುಂದೆ ಬಂದು ನಿಂತಳು.

“ಮತ್ತೇನು ಬೇಕ್ರಿ?”

ಅಷ್ಟು ಜನರ ಮುಂದೆಯೇ ಹೇಳಿದೆ. ತಾಟಿನ ಹೆಸರು ಓದುವವರಿಗೆ ನಾಚಿ ಮುಚ್ಚಿಟ್ಟಿದ್ದೆ, ಅದನ್ನು ಓದುವವರ ಮುಂದೆಯೇ ಹೇಳಬೇಕೆನಿಸಿತು. ದನಿ ಸ್ವಲ್ಪ ಜೋರಾಗಿಯೇ ಬಂತು.

“ತಪ್ಪಾತವ್ವ ಗಂಗಮ್ಮ. ನೀ ಕೇಳಿದಾಗ ನನಗ ಗೊತ್ತಿತ್ತು. ನಾಕನೇದು ನಡೀತೈತಿ ಅಂತ ಗೊತ್ತಿತ್ತು, ಹಂಪಿಯಾಗ ನಡೆಯಂಗಿಲ್ಲ ಅಂತಾನೂ ಗೊತ್ತಿತ್ತು. ಈ ತಾಟಿನ ನಾಚಿಕಿಗೆ ಹೇಳಲಿಲ್ಲ. ನನ್ನದು ತಪ್ಪಾತು.”